ಇಂಗ್ಲಿಷ್ ಸಾಹಿತ್ಯ ಪರಿಭಾಷೆ ಮತ್ತು ಕನ್ನಡ ವಿದ್ಯಾರ್ಥಿ

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪದ್ಯಭಾಗವೊಂದನ್ನು ಕೊಟ್ಟು, ಅಲ್ಲಿರುವ ಅಲಂಕಾರವನ್ನು ಗುರುತಿಸಿ ವಿವರಿಸಿರಿ ಎಂದು ಕೇಳುವುದು ವಾಡಿಕೆ. ಹೆಸರನ್ನು ಥಟ್ಟನೆ ಬರೆದುಬಿಡುವ ವಿದ್ಯಾರ್ಥಿ ‘ವಿವರಿಸಿರಿ’ ಎಂಬಲ್ಲಿ ತಡವರಿಸುತ್ತಾನೆ. ಹೆಸರು ಬಾಯಿಪಾಠದಿಂದ ಬಂದದ್ದು. ವಿವರಣೆಗೆ ತಿಳಿವಳಿಕೆ ಬೇಕು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಕನ್ನಡಿಗರ ಮಕ್ಕಳಿಗೆ ಆ ತಿಳಿವಳಿಕೆಯನ್ನು ಕೊಡಬಲ್ಲವರು ಎಷ್ಟೋ ವೇಳೆ ಮನೆಯಲ್ಲಿಯೇ ಇರುತ್ತಾರೆ. ಊರಿನ ಶಾಲೆಯಲ್ಲಿ ಉಪಮೇಯ, ಉಪಮಾನ ಎಂದು ಗುರುಗಳೆದುರು ಒಪ್ಪಿಸಿದ ತಂದೆತಾಯಿ, ಅಜ್ಜಅಜ್ಜಿಯರಿಗೆ ಅದು ಇಂಗ್ಲಿಷಿಗೂ ಒದಗುವ ಸರಕೆಂದು ತೋರಿರುವುದಿಲ್ಲ, ಅಷ್ಟೆ.

ಸಿಮಿಲಿ ಎಂದರೆ ಉಪಮೆ. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಎಂಬ ನಾಲ್ಕು ಅಂಗಗಳಾಗಿ ಅದನ್ನು ಬಿಡಿಸುವ ಕ್ರಮ ಭಾರತೀಯರಿಗೆ ಹಳೆಯದು. 9ನೆಯ ಶತಮಾನದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶದ ಜಾಡಿನಲ್ಲಿ ನಡೆದು ಕನ್ನಡದಲ್ಲಿ ಅಲಂಕಾರಗಳನ್ನು ನಿರೂಪಿಸಿತು. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಮೆಟಫರಿನ ಎರಡು ಭಾಗಗಳಿಗೆ ಟೆನರ್, ವೆಹಿಕಲ್ ಎಂದು ಹೆಸರಿಟ್ಟದ್ದು 1936ರಲ್ಲಿ. ಟೆನರ್ ಉಪಮೇಯಕ್ಕೂ ವೆಹಿಕಲ್ ಉಪಮಾನಕ್ಕೂ ಬಹುಮಟ್ಟಿಗೆ ಹೊಂದುತ್ತವೆ. ಆದರೆ ‘ಅಂತೆ’ ಎಂಬ ಅರ್ಥದ ಪದ ಕಂಡಲ್ಲೆಲ್ಲ ಸಿಮಿಲಿ ಇರುವುದಿಲ್ಲ. ‘ಪುಣೆ ಬೆಂಗಳೂರಿನಂತೆ ತಂಪು’ ಎಂಬುದು ಬರಿಯ ಹೋಲಿಕೆ, ಎರಡೂ ಊರುಗಳೇ. ಬೇರೆ ಬೇರೆ ಜಾತಿಯ ವಸ್ತುಗಳ ನಡುವೆ ಸಾದೃಶ್ಯ ಹೊಳೆದಾಗ ಮಾತ್ರ ಅದು ಅಲಂಕಾರವೆನಿಸುತ್ತದೆ.

ಮೆಟಫರ್ ಎಂದರೆ ರೂಪಕ. (ರೂಪಕವೆಂಬ ಪದಕ್ಕೆ ನಾಟಕವೆಂಬ ಅರ್ಥವೂ ಇರುವುದರಿಂದ ನಿಘಂಟು ನೋಡುವ ಮಕ್ಕಳು ಗಲಿಬಿಲಿಗೊಳ್ಳಬಾರದು.) ಉಪಮೆಗೂ ರೂಪಕಕ್ಕೂ ಇರುವ ಅಂತರವನ್ನು ‘ಮುಖಕಮಲ’ ಎಂಬ ಒಂದೇ ಪದ ತೋರಿಸಿಕೊಡುತ್ತದೆ. ಅದನ್ನು ಕಮಲದಂತಹ ಮುಖ ಎಂದೂ ಬಿಡಿಸಬಹುದು, ಮುಖವೆಂಬ ಕಮಲ ಎಂದೂ ಬಿಡಿಸಬಹುದು. ‘ಮುಖಕಮಲ ಅರಳಿತು’ ಎಂದಾಗ ಅರಳುವುದು ಕಮಲದ ಧರ್ಮವಾದ್ದರಿಂದ ಅಲ್ಲಿ ರೂಪಕ; ‘ಮುಖಕಮಲ ನಕ್ಕಿತು’ ಎಂದರೆ ನಗು ಮುಖದ್ದಾದ್ದರಿಂದ ಉಪಮೆ. ಕ್ರಿಯಾಪದವು ಯಾರ ಪಕ್ಷಕ್ಕೆ ಸೇರುತ್ತದೆಂದು ನೋಡುವ ಈ ಅಭ್ಯಾಸ ಇಂಗ್ಲಿಷ್ ಪದ್ಯವನ್ನು ಬಿಡಿಸುವಾಗಲೂ ಕೈಹಿಡಿಯುತ್ತದೆ.

ಅಲಿಟರೇಷನ್ ಅನುಪ್ರಾಸಕ್ಕೆ ಸಮೀಪ. ಆದರೆ ಅದು ಕಿವಿಯ ವಿಷಯ, ಕಣ್ಣಿನದಲ್ಲ. ಯೋಧನೆಂಬ ಅರ್ಥದ ‘ನೈಟ್’ ಪದ ಬರೆಯುವಾಗ ‘ಕೆ’ಯಿಂದ ಆರಂಭವಾದರೂ ‘ಕಿಂಗ್’ ಪದದೊಡನೆ ಅನುಪ್ರಾಸವಾಗದು, ‘ನೋಬಲ್’ ಪದದೊಡನೆ ಆಗುತ್ತದೆ. ಬರೆದಂತೆ ಓದುವ ಕನ್ನಡದಲ್ಲಿ ಈ ತೊಡಕಿಲ್ಲ. ಪಾದಪಾದದ ಎರಡನೆಯ ಅಕ್ಷರದಲ್ಲಿ ಬರುವ ಕನ್ನಡದ ಆದಿಪ್ರಾಸವಾದರೋ ಬೇರೆಯೇ ಸಂಗತಿ. ಅದನ್ನು ರೈಮ್ ಎಂದು ಕರೆದರೆ ತಪ್ಪಾಗುತ್ತದೆ.

ಮೆಟೊನಿಮಿಗೆ ಮೂಲವಾದ ವ್ಯಾಪಾರವನ್ನು ನಮ್ಮವರು ಲಕ್ಷಣೆ ಎಂದರು. ‘ಗಂಗೆಯಲ್ಲಿ ಗೊಲ್ಲರ ಹಳ್ಳಿ’ ಎಂದರೆ ಹಳ್ಳಿ ನೀರಿನಲ್ಲಿಲ್ಲ, ದಡದಲ್ಲಿದೆ. ಮುಂಬಯಿಯ ಪತ್ರಿಕೆ ‘ದಲಾಲ್ ಸ್ಟ್ರೀಟ್ ಕುಸಿಯಿತು’ ಎಂದು ಬರೆದರೆ ಬೀದಿಗೇನೂ ಆಗಿರುವುದಿಲ್ಲ, ಷೇರುಗಳ ಬೆಲೆ ಇಳಿದಿರುತ್ತದೆ. ಆಸ್ಪತ್ರೆಯ ದಾದಿ ‘ಹತ್ತನೆಯ ಮಂಚಕ್ಕೆ ಜ್ವರ’ ಎನ್ನುವುದೂ ಇದೇ. ಅಂಗದಿಂದ ಅಂಗಿಯನ್ನು ಸೂಚಿಸಿದರೆ, ಕೆಲಸಗಾರರು ಎನ್ನಲು ‘ಕೈಗಳು’ ಎಂದಂತೆ, ಅದು ಸಿನೆಕ್ಡಕಿ.

ಐರನಿಗೆ ವ್ಯಾಜಸ್ತುತಿ ಒಂದು ಪಾಲು ಮಾತ್ರ ಸಮಾನ. ಬಡವರ ಶಿಶುಗಳನ್ನು ಆಹಾರವಾಗಿ ಮಾರಬಹುದೆಂದು ಸೂಚಿಸುವ ಜೋನಥನ್ ಸ್ವಿಫ್ಟನ 1729ರ ‘ಎ ಮಾಡೆಸ್ಟ್ ಪ್ರಪೋಸಲ್’ ಅನ್ನು ಇದ್ದಂತೆಯೇ ನಂಬಿ ಓದಿದವನಿಗೆ ಲೇಖಕ ರಾಕ್ಷಸನಾಗಿ ಕಂಡಾನು.

ಎಲ್ಲಕ್ಕಿಂತ ಕುತೂಹಲದ ಪದ ಕೆಥಾರ್ಸಿಸ್. ಅರಿಸ್ಟಾಟಲನು ಕಾವ್ಯಮೀಮಾಂಸೆಯಲ್ಲಿ ರುದ್ರನಾಟಕದ ಲಕ್ಷಣ ಹೇಳುವಾಗ, ಅದು ಕರುಣೆ ಮತ್ತು ಭಯಗಳ ಮೂಲಕ ಅಂತಹ ಭಾವಗಳ ಕೆಥಾರ್ಸಿಸನ್ನು ಸಾಧಿಸುತ್ತದೆಂದು ಬರೆದು, ಪದದ ಅರ್ಥವನ್ನು ಅಲ್ಲಿ ವಿವರಿಸದೆ ಬಿಟ್ಟನು. ಗ್ರೀಕ್ ವೈದ್ಯರ ಬಾಯಲ್ಲಿ ಅದಕ್ಕೆ ದೇಹದ ಕಲ್ಮಷವನ್ನು ಹೊರಹಾಕುವುದೆಂಬ ಅರ್ಥವಿತ್ತು. ಅರಿಸ್ಟಾಟಲನ ತಂದೆಯೂ ವೈದ್ಯನೇ. ಜರ್ಮನಿಯ ಯಾಕೋಬ್ ಬೆರ್ನಾಯ್ಸ್ 1857ರಲ್ಲಿ ಈ ವೈದ್ಯಕೀಯ ಅರ್ಥವನ್ನೇ ಎತ್ತಿಹಿಡಿದನು. ಶುದ್ಧೀಕರಣ, ಭಾವಗಳ ಪರಿಷ್ಕಾರ ಎನ್ನುವವರೂ ಇದ್ದಾರೆ. ಆಯುರ್ವೇದದ ವಿರೇಚನವನ್ನು ಬಲ್ಲ ಮನೆಯಲ್ಲಿ ಈ ಪದವನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ‘ರಸ’ ಎಂಬ ಪದವೂ ವೈದ್ಯಶಾಸ್ತ್ರ, ಕಾವ್ಯಶಾಸ್ತ್ರಗಳೆರಡಕ್ಕೂ ಸೇರಿದ್ದೆಂಬುದನ್ನು ಇಲ್ಲಿಯೇ ನೆನೆಯಬಹುದು.

ಯೂಫೆಮಿಸಮ್, ಎಂದರೆ ಅಪ್ರಿಯವನ್ನು ಮೃದುವಾಗಿ ಹೇಳುವುದು, ಕನ್ನಡಿಗರ ನಾಲಗೆಗೆ ಸಹಜ. ಹೋಗುತ್ತೇನೆ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವರು. ಸಿಡುಬಿಗೆ ‘ಅಮ್ಮ’ ಎಂದರು. ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿದರೂ ಸೀತಾಳೆ ಸಿಡುಬಿಗೆ ಆ ಹೆಸರು ಉಳಿದುಕೊಂಡಿದೆ. ರೋಗದ ವಿಷಯದಲ್ಲಿ ಅಲಂಕಾರ ಅಪಾಯಕಾರಿಯೂ ಆಗಬಲ್ಲದು. ಅಮೆರಿಕದ ಲೇಖಕಿ ಸೂಸನ್ ಸಾಂಟ್ಯಾಗ್ ಸ್ವತಃ ಕ್ಯಾನ್ಸರಿಗೆ ತುತ್ತಾದ ಬಳಿಕ 1978ರಲ್ಲಿ ಪ್ರಕಟಿಸಿದ ‘ಇಲ್ನೆಸ್ ಆ್ಯಸ್ ಮೆಟಫರ್’ ಗ್ರಂಥದಲ್ಲಿ, ಕ್ಷಯ, ಕ್ಯಾನ್ಸರುಗಳಿಗೆ ಜನ ಹೊದಿಸಿದ ರೂಪಕಗಳು ರೋಗಿಯ ಮೇಲೆ ನಾಚಿಕೆಯ ಹೊರೆಯನ್ನು ಹೇರುತ್ತವೆಂದು ವಾದಿಸಿದರು.

ಪರಭಾಷೆಯ ವೈದ್ಯರ ಮುಂದೆ ಕುಳಿತ ಹೊರನಾಡ ಕನ್ನಡಿಗರಿಗಂತೂ ಇದು ಪರೀಕ್ಷೆಯ ಅಂಕಗಳಿಗಿಂತ ದೊಡ್ಡ ಮಾತು. ಸೌಮ್ಯೋಕ್ತಿ ಭಾಷೆಯ ಗಡಿ ದಾಟುವುದಿಲ್ಲ. ಮಗಳು ‘ಹೊರಗಾಗಿ’ ಹದಿನೈದು ದಿನವಾಯಿತು, ಇನ್ನೂ ನಿಂತಿಲ್ಲ ಎಂಬುದನ್ನು ತಾಯಿ ಪದಕ್ಕೆ ಪದವಿಟ್ಟು ಹಿಂದಿಯಲ್ಲಿ ಹೇಳಿದರೆ, ಹುಡುಗಿ ಹದಿನೈದು ದಿನದಿಂದ ಊರಲ್ಲಿಲ್ಲವೆಂದೇ ವೈದ್ಯರು ತಿಳಿದಾರು.