ಹೆಬ್ಬೆರಳಿನ ಹದ

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಲ್ಲಿ ಲಾಳಿ ಓಡುವಾಗ ಅದರೊಳಗಿನ ಕಂಡಿಕೆ ತಿರುಗುವುದಿಲ್ಲ; ನೂಲು ಮಾತ್ರ ತುದಿಯಿಂದ ಜಾರಿ ಹೊರಬರುತ್ತದೆ. ಇದೇ ಸೀಮೆಯ ಕೃಷ್ಣಾ, ಘಟಪ್ರಭಾ ನದಿಗಳ ದಡದಲ್ಲಿ ‘ಬೇಟ್‌ಕಾಸ್ಟಿಂಗ್’ ರೀಲಿನಿಂದ ಗಾಳ ಬೀಸುವವನು ಇದಕ್ಕೆ ವಿರುದ್ಧವಾದುದನ್ನು ಕಾಣುತ್ತಾನೆ. ಇಲ್ಲಿ ದಾರ ಸುತ್ತಿದ ಉರುಳೆಯೇ ತಿರುಗುತ್ತದೆ. ಬೀಸಿದ ಗಾಳದ ವೇಗ ಕುಂದಿದರೂ ಉರುಳೆಯ ವೇಗ ಕುಂದದು. ಆಗ ಹೆಚ್ಚಾಗಿ ಬಿಚ್ಚಿದ ದಾರ ಸಿಕ್ಕಾಗುತ್ತದೆ.

ಇದನ್ನು ತಡೆಯಲು ಪೂರ್ವಸಿದ್ಧತೆ ಅಗತ್ಯ. ದಾರವನ್ನು ಬಿಗಿಯಾಗಿ, ಉರುಳೆಯ ಅಂಚಿಗಿಂತ ತುಸು ಕೆಳಗಿನವರೆಗೆ ಸುತ್ತಬೇಕು. ಗಾಳದ ಬದಲು ಸಣ್ಣ ಸೀಸದ ಗುಂಡನ್ನು ಕಟ್ಟಿ, ರೀಲಿನ ಪಕ್ಕದ ತಿರುಪನ್ನು ಮೆಲ್ಲನೆ ಸಡಿಲಿಸಬೇಕು. ಗುಂಡು ನಿಧಾನವಾಗಿ ಇಳಿದು ನೆಲ ಮುಟ್ಟಿದೊಡನೆ ಉರುಳೆ ನಿಂತರೆ ಬಿಗಿತ ಸರಿಯಾಗಿದೆಯೆಂದು ತಿಳಿಯಬೇಕು. ಇನ್ನುಳಿದುದು ಹೆಬ್ಬೆರಳಿನ ಕೆಲಸ. ಬೀಸುವಾಗ ಅದು ಉರುಳೆಯನ್ನು ಹಗುರವಾಗಿ ಸವರುತ್ತಿರಬೇಕು; ಗುಂಡು ನೀರು ಮುಟ್ಟುವ ಕ್ಷಣದಲ್ಲಿ ಒತ್ತಿ ನಿಲ್ಲಿಸಬೇಕು. ಈ ಹದ ಬಯಲಿನಲ್ಲಿ ಹಲವು ದಿನ ಅಭ್ಯಾಸ ಮಾಡಿದವನಿಗೇ ಒಲಿಯುತ್ತದೆ.

ಸಿಕ್ಕಾದಾಗ ಜಗ್ಗಿದರೆ ಗಂಟು ಬಿಗಿಯುತ್ತದೆ. ಎಳೆ ಎಳೆಯಾಗಿ ಬಿಡಿಸಬೇಕು. ತಾಳ್ಮೆಗೆಟ್ಟು ಕತ್ತರಿಸಿ ನದಿಗೆ ಎಸೆದ ನೈಲಾನ್ ದಾರ ವರ್ಷಗಟ್ಟಲೆ ಕೊಳೆಯದೆ ಉಳಿದು, ನೀರುಹಕ್ಕಿಗಳ ಕಾಲಿಗೆ ಕುಣಿಕೆಯಾಗುತ್ತದೆ. ಕೆಟ್ಟ ದಾರವನ್ನು ಮನೆಗೆ ಒಯ್ಯುವುದನ್ನೂ ಕಲಿತಾಗಲೇ ಗಾಳದ ವಿದ್ಯೆ ಪೂರ್ಣವಾಗುತ್ತದೆ.