ಪರದೆ ಹೇಳಿದ್ದನ್ನು ಮೊದಲು ಓದಿ

ಲಿನಕ್ಸ್ ಹಾಕಿಕೊಂಡವರು ಎಲ್ಲೋ ಸಿಕ್ಕಿಕೊಂಡಾಗ ಜೊತೆಗೆ ಕೂತು ಬಿಡಿಸುವ ಕೆಲಸವನ್ನು ನಮ್ಮೂರಿನ ಕೆಲವರು ಸೇರಿ ಬಹುಕಾಲದಿಂದ ಮಾಡುತ್ತ ಬಂದಿದ್ದೇವೆ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತು ಬರುವವರಿದ್ದಾರೆ, ರಾತ್ರಿ ಹೊತ್ತು ಮೀರಿದ ಮೇಲೆ ಪರದೆಯ ಫೋಟೊ ಕಳಿಸುವವರೂ ಇದ್ದಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಶಾಲೆಯ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು, ಚಿಕ್ಕ ಸರ್ವರ್ ಇಟ್ಟುಕೊಂಡ ವ್ಯಾಪಾರಸ್ಥರು, ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡ ನಿವೃತ್ತರು, ಹೀಗೆ ಎಲ್ಲರೂ ಬರುತ್ತಾರೆ. ದುಡ್ಡಿನ ಮಾತಿಲ್ಲ. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ತಾವು ಬರೆಯುತ್ತಿದ್ದ ಕರ್ನಲ್ಲಿನ ಸುದ್ದಿಯನ್ನು ಹೊರಗೆ ಹೇಳಿದಾಗಲೇ ಗುರುತಿಲ್ಲದವರ ಅಭಿಪ್ರಾಯ ಕೇಳಿದ್ದರು. ಅಂದಿನಿಂದ ಇದು ನಡೆದಿರುವುದೇ ಕೇಳುವವರು ಮತ್ತು ಹೇಳುವವರ ಬಲದಿಂದ.

ಹೊಸದಾಗಿ ನಮ್ಮ ಜೊತೆ ಕೂರುವ ಹುಡುಗ ಹುಡುಗಿಯರಿಗೆ ಕಮಾಂಡುಗಳು ಚೆನ್ನಾಗಿಯೇ ಗೊತ್ತಿರುತ್ತವೆ. ಕೀಬೋರ್ಡಿನಿಂದ ಕೈ ತೆಗೆದು ಓದುವ ಅಭ್ಯಾಸ ಮಾತ್ರ ಇರುವುದಿಲ್ಲ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

1. "ನೆಟ್ ಬರ್ತಿಲ್ಲ" ಅನ್ನುವುದು ಒಂದೇ ತೊಂದರೆಯಲ್ಲ

"ನೆಟ್ ಬರ್ತಿಲ್ಲ ಸರ್" ಎಂಬ ಮಾತಿನ ಹಿಂದೆ ವೈಫೈ ಕಾರ್ಡಿಗೆ ಫರ್ಮ್‌ವೇರ್ ಇಲ್ಲದಿರಬಹುದು, ರೂಟರ್ ಐಪಿ ವಿಳಾಸ ಕೊಡದಿರಬಹುದು, ಡಿಎನ್‌ಎಸ್ ಕೈಕೊಟ್ಟಿರಬಹುದು, ಅಥವಾ ಬ್ರೌಸರ್ ಒಂದೇ ಹಟ ಹಿಡಿದಿರಬಹುದು. ಆದ್ದರಿಂದ ಕೆಳಗಿನ ಮೆಟ್ಟಿಲಿನಿಂದ ಶುರುಮಾಡಬೇಕು. ಕಾರ್ಡ್ ಕಾಣುತ್ತಿದೆಯೇ? ವಿಳಾಸ ಸಿಕ್ಕಿದೆಯೇ? 1.1.1.1ಕ್ಕೆ ಪಿಂಗ್ ಹೋಗುತ್ತದೆಯೇ? ಅಂಕಿಗೆ ಹೋಗಿ ಹೆಸರಿಗೆ ಹೋಗದಿದ್ದರೆ ಡಿಎನ್‌ಎಸ್ ನೋಡಬೇಕು. ಇಷ್ಟು ತಿಳಿಯಲು ಎರಡು ನಿಮಿಷ ಸಾಕು. ತಿಳಿಯದೆ ನೆಟ್‌ವರ್ಕ್ ಸೆಟ್ಟಿಂಗನ್ನೆಲ್ಲ ಅಳಿಸಿ ಮತ್ತೆ ಹಾಕಲು ಹೊರಟರೆ ಬೆಳಗೆಲ್ಲ ಬೇಕು.

ಶಾಲೆಯ ಲ್ಯಾಬುಗಳಲ್ಲಿ ಇದರದೇ ಇನ್ನೊಂದು ರೂಪ ಕಾಣುತ್ತದೆ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಬ್ಯಾಟರಿ ಸತ್ತಿರುತ್ತದೆ. ರಾತ್ರಿ ಮೇನ್ ಸ್ವಿಚ್ ಆರಿಸಿ ಬೆಳಿಗ್ಗೆ ಹಾಕಿದರೆ ತಾರೀಖು ಹಿಂದಕ್ಕೆ ಹೋಗಿರುತ್ತದೆ. ಲ್ಯಾಬಿನ ಫೈರ್‌ವಾಲ್ ಎನ್‌ಟಿಪಿಯನ್ನು ತಡೆದಿದ್ದರೆ ಗಡಿಯಾರ ತಾನಾಗಿ ಸರಿಹೋಗುವುದೂ ಇಲ್ಲ. ಆಗ ಸುರಕ್ಷಿತ ತಾಣಗಳೆಲ್ಲ ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತವೆ, ಎಪಿಟಿ ಅಪ್‌ಡೇಟ್ ಕೂಡ ರಿಲೀಸ್ ಫೈಲಿನ ಕಾಲ ಇನ್ನೂ ಬಂದಿಲ್ಲ ಎಂದು ನಿಲ್ಲುತ್ತದೆ. ಬೈಸಿಕೊಳ್ಳುವುದು ಮಾತ್ರ ಬಡಪಾಯಿ ರೂಟರ್. ತಾರೀಖಿನ ಮಾತು ಪರದೆಯ ಮೇಲೆ ಇದ್ದೇ ಇತ್ತು, ಓದಿರಲಿಲ್ಲ ಅಷ್ಟೆ.

ಫರ್ಮ್‌ವೇರ್ ಇಲ್ಲದೆ ವೈಫೈ ಇಲ್ಲ, ವೈಫೈ ಇಲ್ಲದೆ ಫರ್ಮ್‌ವೇರ್ ಇಳಿಸಿಕೊಳ್ಳಲಾಗದು ಎಂಬ ಇಕ್ಕಟ್ಟಿಗೆ ಆಂಡ್ರಾಯ್ಡ್ ಫೋನ್ ಮತ್ತು ಯುಎಸ್‌ಬಿ ಕೇಬಲ್ ಇದ್ದರೆ ಸಾಕು. ಯುಎಸ್‌ಬಿ ಟೆದರಿಂಗ್ ಹಾಕಿದ ಕೂಡಲೇ ಲಿನಕ್ಸ್ ಅದನ್ನು ತಂತಿ ಜೋಡಿಸಿದ ನೆಟ್‌ವರ್ಕ್ ಎಂದೇ ಹಿಡಿಯುತ್ತದೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರಿನೊಳಗೇ ಇರುವುದರಿಂದ ಈ ಗೋಳು ಬಹಳ ಕಡಿಮೆಯಾಗಿದೆ.

2. "ಏನೂ ಮಾಡಿಲ್ಲ ಸರ್" ಎಂದವರು ಸುಳ್ಳು ಹೇಳುತ್ತಿಲ್ಲ

ಅವರು ನಿಜವಾಗಿಯೂ ಏನೂ ಮಾಡಿರುವುದಿಲ್ಲ. ಅವರ ಪರವಾಗಿ ಅಪ್‌ಡೇಟ್ ಮಾಡಿರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪ್ಯಾಕೇಜ್ ಬಂತು ಎಂಬುದೆಲ್ಲ ಎಪಿಟಿಯ ಹಿಸ್ಟರಿ ಲಾಗಿನಲ್ಲಿ ಬರೆದಿಟ್ಟಿರುತ್ತದೆ. ಜನರನ್ನು ಪಾಟೀಸವಾಲಿಗೆ ಒಡ್ಡುವ ಬದಲು ಅದನ್ನು ತೆರೆಯಿರಿ.

ಎನ್‌ವಿಡಿಯಾ ಕಾರ್ಡಿನ ಲ್ಯಾಪ್‌ಟಾಪಿನಲ್ಲಿ ಪರದೆ ಕಪ್ಪಾಗಿ ನಿಂತ ಪ್ರಕರಣಗಳಲ್ಲಿ ಹೆಚ್ಚಿನವು ಹೊಸ ಕರ್ನಲ್ ಬಂದ ಮರುದಿನದವು. ಹೊಸ ಕರ್ನಲ್ಲಿಗೆ ತಕ್ಕ ಡ್ರೈವರ್ ತಯಾರಾಗಿರುವುದಿಲ್ಲ. ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಗೆ ಹೋಗಿ ಹಿಂದಿನ ಕರ್ನಲ್ ಆರಿಸಿದರೆ ಯಂತ್ರ ಏಳುತ್ತದೆ. ವಿದ್ಯಾರ್ಥಿಗೆ ನಾಳೆ ಪ್ರಾಜೆಕ್ಟ್ ಒಪ್ಪಿಸುವುದಿದ್ದರೆ ಅಂದಿಗೆ ಅಷ್ಟೇ ಸಾಕು, ಉಳಿದದ್ದು ಆಮೇಲೆ. ಸೆಕ್ಯೂರ್ ಬೂಟ್ ಇದ್ದ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಡ್ರೈವರ್ ಹಾಕುವಾಗ ಗುಪ್ತಪದ ಕೇಳುತ್ತದೆ, ಮುಂದಿನ ಬೂಟಿನಲ್ಲಿ ನೀಲಿ ಪರದೆ ಬಂದು ಕೀಲಿಯನ್ನು ನೋಂದಾಯಿಸಲೇ ಎನ್ನುತ್ತದೆ. ಕೇಳಿದ್ದು ಏನೆಂದು ತಿಳಿಯದೆ ಬಹಳ ಜನ ಎಂಟರ್ ಒತ್ತಿ ದಾಟಿಬಿಡುತ್ತಾರೆ. ಆ ಡ್ರೈವರ್ ಇದ್ದೂ ಇಲ್ಲದಂತೆ. ಆ ಪರದೆ ಬರುತ್ತದೆ ಎಂದು ಮೊದಲೇ ಹೇಳಿಟ್ಟರೆ ಒಂದು ಸುತ್ತು ಉಳಿಯುತ್ತದೆ.

3. ಯಂತ್ರಕ್ಕಿಂತ ಮೊದಲು ಅದರೊಳಗಿನದು

ನಮ್ಮ ಕಡೆ ಕರೆಂಟ್ ಹೋಗುವುದು ಹೊಸ ಸುದ್ದಿಯಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಮತ್ತೆ ಎದ್ದಾಗ ಲಾಗಿನ್ ಪರದೆಯ ಬದಲು ಇನಿಟ್‌ರ‍್ಯಾಮ್‌ಎಫ್‌ಎಸ್ ಎಂದು ಬರೆದ ಕಪ್ಪು ಪರದೆ ಬರುತ್ತದೆ. ಇದಕ್ಕೆ ಎಲ್ಲರಿಗೂ ಬಾಯಿಪಾಠವಾದ ಉತ್ತರವೊಂದಿದೆ: ಎಫ್‌ಎಸ್‌ಸಿಕೆ ಓಡಿಸಿ, ಕೇಳಿದ್ದಕ್ಕೆಲ್ಲ ಹೌದು ಅನ್ನಿ. ಕರೆಂಟ್ ಹೋಗಿ ಫೈಲ್ ವ್ಯವಸ್ಥೆಯ ಲೆಕ್ಕ ಮಾತ್ರ ತಪ್ಪಿದ್ದರೆ ಆ ಉತ್ತರ ಸರಿ, ಯಂತ್ರ ಎದ್ದು ಕೂರುತ್ತದೆ. ಡಿಸ್ಕೇ ಸಾಯುತ್ತಿದ್ದರೆ ಅದೇ ಉತ್ತರ ಉಳಿದದ್ದನ್ನೂ ಕಳೆಯಬಹುದು.

ಲಗ್ನಪತ್ರಿಕೆ ಅಚ್ಚು ಹಾಕುವ ಒಬ್ಬರು ಹೀಗೇ ಸಿಪಿಯು ಹೊತ್ತು ತಂದಿದ್ದರು. ಇಷ್ಟು ವರ್ಷದ ಡಿಸೈನೆಲ್ಲ ಅದರಲ್ಲೇ ಇತ್ತು, ಬೇರೆ ಪ್ರತಿ ಇರಲಿಲ್ಲ. ಫೋನಿನಲ್ಲಿ ಯಾರೋ ಎಫ್‌ಎಸ್‌ಸಿಕೆ ಹೇಳಿದ್ದರಂತೆ. "ಹೊಡೀಲೋ ಬ್ಯಾಡವೋ ಗೊತ್ತಾಗ್ಲಿಲ್ರಿ, ಅದಕ್ಕ ಹಂಗೇ ತಂದೀನಿ" ಅಂದರು. ಅವರು ತಡೆದದ್ದೇ ದೊಡ್ಡ ಉಪಕಾರವಾಯಿತು. ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಮೆಸೇಜ್ ನೋಡಿದರೆ ಸಾಲುಸಾಲಾಗಿ ಐ-ಒ ಎರರ್. ಸ್ಮಾರ್ಟ್ ಪಟ್ಟಿ ತೆಗೆದರೆ 197ನೆಯ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಎಣಿಕೆ, ಸೊನ್ನೆಯಾಗಿರಬೇಕಾದದ್ದು ಏರಿಕೊಂಡಿತ್ತು. ಹೊಸ ಡಿಸ್ಕ್ ತರಿಸಿ ಜಿಎನ್‌ಯು ಡಿಡಿರೆಸ್ಕ್ಯೂ ಓಡಿಸಿದೆವು. ಅದು ಚೆನ್ನಾಗಿರುವ ಜಾಗಗಳನ್ನು ಮೊದಲು ನಕಲು ಮಾಡಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಕೈಹಾಕುತ್ತದೆ. ಎಲ್ಲಿಯವರೆಗೆ ಬಂತೆಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಎಫ್‌ಎಸ್‌ಸಿಕೆ ಓಡಿಸಿದ್ದು ಆ ನಕಲಿನ ಮೇಲೆ, ಮೂಲದ ಮೇಲಲ್ಲ. ಕೆಲವು ಫೈಲುಗಳು ಹೋದವು, ಬಹುಪಾಲು ಉಳಿದವು.

ಆದ್ದರಿಂದ ಡಿಸ್ಕಿನ ವಿಷಯ ಬಂದಾಗ ನಮ್ಮ ಮೊದಲ ಪ್ರಶ್ನೆ "ಇದರಲ್ಲಿರುವುದರ ಪ್ರತಿ ಬೇರೆಲ್ಲಾದರೂ ಇದೆಯಾ?" ಎಂಬುದು. ಇಲ್ಲ ಎಂದರೆ ರಿಪೇರಿಯ ಮಾತು ನಕಲಾದ ಮೇಲೆ.

4. ಡಿಸ್ಕ್ ತುಂಬಿದೆ ಅನ್ನುವುದಕ್ಕೆ ನಾಲ್ಕು ಅರ್ಥ

ಸರ್ವರ್ ತೊಂದರೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದದ್ದನ್ನು ನಾನು ಕಂಡಿಲ್ಲ. ಡೇಟಾಬೇಸ್ ನಿಲ್ಲುತ್ತದೆ, ಲಾಗಿನ್ ಆಗುವುದಿಲ್ಲ, ಮೇಲ್ ಹೋಗುವುದಿಲ್ಲ. ಮೂಲದಲ್ಲಿ ಜಾಗವಿಲ್ಲ.

ಮೊದಲನೆಯದು ನಿಜವಾಗಿ ತುಂಬಿದ್ದು. ಡಿಎಫ್ ಹೇಳುತ್ತದೆ, ಡಿಯು ಎಲ್ಲಿ ಎಂದು ತೋರಿಸುತ್ತದೆ. ಎರಡನೆಯದರಲ್ಲಿ ಡಿಎಫ್ ಪ್ರಕಾರ ಜಾಗ ಬೇಕಾದಷ್ಟಿದೆ, ಫೈಲ್ ಮಾತ್ರ ಹುಟ್ಟುವುದಿಲ್ಲ. ಅಲ್ಲಿ ತೀರಿರುವುದು ಐನೋಡ್. ಪಿಎಚ್‌ಪಿಯ ಸೆಷನ್ ಫೈಲುಗಳಂಥ ಚಿಕ್ಕ ಫೈಲುಗಳು ಲಕ್ಷಗಟ್ಟಲೆ ಗುಡ್ಡೆಬಿದ್ದಾಗ ಹೀಗಾಗುತ್ತದೆ. ಡಿಎಫ್‌ಗೆ ಐ ಆಯ್ಕೆ ಕೊಟ್ಟು ನೋಡಿದವರಿಗೆ ಮಾತ್ರ ಕಾಣುತ್ತದೆ.

ಮೂರನೆಯದು ಹೊಸಬರನ್ನು ಬಹಳ ಕಂಗೆಡಿಸುತ್ತದೆ. ಬೆಳೆದು ನಿಂತ ಲಾಗ್ ಫೈಲನ್ನು ಅಳಿಸಿದ್ದಾರೆ, ಆದರೂ ಜಾಗ ಬಿಡುಗಡೆಯಾಗಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದರೂ ಹುಡುಗ ಬೆಂಚಿನ ಮೇಲೆ ಕೂತೇ ಇರುವ ಹಾಗೆ, ವೆಬ್ ಸರ್ವರ್ ಆ ಫೈಲನ್ನು ತೆರೆದುಕೊಂಡೇ ಇರುತ್ತದೆ. ಎಲ್‌ಎಸ್‌ಒಎಫ್ ಕಮಾಂಡ್ ಅಂಥವನ್ನು ಅಳಿಸಿದ್ದು ಎಂಬ ಗುರುತಿನೊಂದಿಗೆ ಪಟ್ಟಿ ಮಾಡುತ್ತದೆ. ಆ ಸೇವೆಯನ್ನು ಮತ್ತೆ ಶುರುಮಾಡಿದ ಕ್ಷಣ ಜಾಗ ಬರುತ್ತದೆ. ಇನ್ನು ಮುಂದೆ ಓಡುತ್ತಿರುವ ಸೇವೆಯ ಲಾಗನ್ನು ಅಳಿಸದೆ, ಬರಿದು ಮಾಡಲು ಹೇಳಿ.

ನಾಲ್ಕನೆಯದು ತೊಂದರೆಯೇ ಅಲ್ಲ. ಎಕ್ಸ್ಟ್4 ಫೈಲ್ ವ್ಯವಸ್ಥೆ ತಯಾರಾಗುವಾಗಲೇ ಶೇ. 5ರಷ್ಟು ಜಾಗವನ್ನು ರೂಟ್‌ಗೆಂದು ಎತ್ತಿಡುತ್ತದೆ. ಒಂದು ಟೆರಾಬೈಟಿನಲ್ಲಿ ಅದು ಸುಮಾರು 50 ಗಿಗಾಬೈಟ್. ವ್ಯವಸ್ಥೆ ಇರುವ ವಿಭಾಗದಲ್ಲಿ ಅದು ಆಪತ್ಕಾಲದ ಉಸಿರು, ಹಾಗೇ ಬಿಡಿ. ಬರೀ ಫೋಟೊ, ಬ್ಯಾಕಪ್ ಇರುವ ಡಿಸ್ಕಿನಲ್ಲಿ ಟ್ಯೂನ್2ಎಫ್‌ಎಸ್‌ನಿಂದ ಇಳಿಸಬಹುದು.

ಬೂಟ್ ವಿಭಾಗ ಹಳೆಯ ಕರ್ನಲ್ಲುಗಳಿಂದ ತುಂಬಿದ್ದರೆ ಅಲ್ಲಿನ ಫೈಲನ್ನು ಕೈಯಾರೆ ಅಳಿಸಲು ಯಾರಿಗೂ ಹೇಳಬೇಡಿ. ಎಪಿಟಿಯ ಆಟೊರಿಮೂವ್ ಆ ಕೆಲಸವನ್ನು ಲೆಕ್ಕ ತಪ್ಪದೆ ಮಾಡುತ್ತದೆ.

5. ಬೀಗ ಕಂಡರೆ ಕಾಯಿರಿ

ಡಿಪಿಕೆಜಿ ಲಾಕ್ ಆಗಿದೆ ಎಂದು ಬಂದರೆ ಆ ಲಾಕ್ ಫೈಲನ್ನು ಅಳಿಸು ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಹೆಚ್ಚಿನ ಸಲ ಹಿನ್ನೆಲೆಯಲ್ಲಿ ಸುರಕ್ಷತೆಯ ಅಪ್‌ಡೇಟ್ ನಡೆಯುತ್ತಿರುತ್ತದೆ. ಒಂದು ಲೋಟ ಕಾಫಿ ಕುಡಿದು ಬನ್ನಿ ಎನ್ನುತ್ತೇವೆ. ಬೀಗ ಹಿಡಿದ ಪ್ರಕ್ರಿಯೆಯ ಸಂಖ್ಯೆ ಸಂದೇಶದಲ್ಲೇ ಇರುತ್ತದೆ, ಅದು ಬದುಕಿದೆಯೋ ಇಲ್ಲವೋ ನೋಡದೆ ಕೈ ಹಾಕಬಾರದು.

6. ಅರ್ಥ ಹೇಳಲಾಗದ ಕಮಾಂಡನ್ನು ಕೊಡಬೇಡಿ

ಎದುರಿಗಿರುವವರು ನಮ್ಮನ್ನು ನಂಬಿ ಅಕ್ಷರ ಬದಲಿಸದೆ ಒತ್ತುತ್ತಾರೆ, ಅದೂ ಸುಡೊ ಸೇರಿಸಿ. ಪರ್ಮಿಷನ್ ಇಲ್ಲ ಎಂದು ಬಂದ ಕೂಡಲೇ 777 ಹಾಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೋಮ್ ಫೋಲ್ಡರಿಗೆ ಹಾಗೆ ಮಾಡಿದರೆ ಮರುಕ್ಷಣ ಎಸ್‌ಎಸ್‌ಎಚ್ ಕೀಲಿ ಹಿಡಿದು ಬಂದವರನ್ನು ಒಳಗೆ ಬಿಡುವುದಿಲ್ಲ, ಬೇರೆಯವರು ಬರೆಯಬಹುದಾದ ಜಾಗದಲ್ಲಿರುವ ಕೀಲಿಪಟ್ಟಿಯನ್ನು ಅದು ನಂಬದು. ಮೂಲ ಡೈರೆಕ್ಟರಿಯಿಂದಲೇ ಕೆಳಗಿಳಿಸಿದರೆ ಸುಡೊ ಕೂಡ ಕೆಲಸ ಬಿಡುತ್ತದೆ, ಆಮೇಲೆ ಡೇಟಾ ಎತ್ತಿಟ್ಟುಕೊಂಡು ಹೊಸದಾಗಿ ಹಾಕುವುದೇ ಸಲೀಸು. ಯಾವ ಬಳಕೆದಾರ, ಯಾವ ಗುಂಪು, ಯಾವ ಫೈಲ್ ಎಂದು ಕೇಳಿ, ಅಷ್ಟಕ್ಕೇ ಅಧಿಕಾರ ಕೊಡಿಸಿ. ಫೆಡೊರಾದಲ್ಲಿ ಎಸ್ಇಲಿನಕ್ಸ್ ಆರಿಸಿ ಎನ್ನುವುದೂ ಇದೇ ಜಾತಿಯ ಸಲಹೆ. ಬಹಳ ಸಲ ರಿಸ್ಟೋರ್‌ಕಾನ್ ಓಡಿಸಿದರೆ ಸರಿಹೋಗುವ ಲೇಬಲ್ ತೊಂದರೆ ಅದು.

7. ದೂರದ ಸರ್ವರಿನಲ್ಲಿ ಹೊರಬೀಳುವ ಮುನ್ನ

ಎಸ್‌ಎಸ್‌ಎಚ್ ಸೆಟ್ಟಿಂಗ್ ಬದಲಿಸುವಾಗ ಈಗಿನ ಸೆಷನ್ ಮುಚ್ಚಬೇಡಿ. ಎಸ್‌ಎಸ್‌ಎಚ್‌ಡಿಗೆ ಟಿ ಆಯ್ಕೆ ಕೊಟ್ಟು ಬರೆದದ್ದು ಸರಿಯಿದೆಯೇ ಎಂದು ಮೊದಲು ಕೇಳಿ, ಸೇವೆಯನ್ನು ಮತ್ತೆ ಶುರುಮಾಡಿ, ಇನ್ನೊಂದು ಕಿಟಕಿಯಿಂದ ಒಳಗೆ ಬಂದು ನೋಡಿ, ಆಮೇಲೆ ಹಳೆಯದನ್ನು ಬಿಡಿ. ಯುಎಫ್‌ಡಬ್ಲ್ಯು ಚಾಲೂ ಮಾಡುವ ಮುನ್ನ ಎಸ್‌ಎಸ್‌ಎಚ್‌ಗೆ ಅನುಮತಿ ಕೊಟ್ಟಿರಬೇಕು, ಈ ಕ್ರಮ ತಿರುವುಮುರುವಾದರೆ ಸರ್ವರಿನ ಬಾಗಿಲು ಹೊರಗಿನಿಂದ ತೆರೆಯದು. ಎಫ್‌ಎಸ್‌ಟ್ಯಾಬಿಗೆ ಹೊಸ ಡಿಸ್ಕ್ ಸೇರಿಸಿದಾಗ ನೋಫೇಲ್ ಹಾಕಿ. ಇಲ್ಲದಿದ್ದರೆ ಆ ಡಿಸ್ಕ್ ಸಿಗದ ದಿನ ಇಡೀ ಯಂತ್ರ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತದೆ.

8. ಐದೂವರೆ ಗಂಟೆ ಕಂಡರೆ ಉತ್ತರ ಸಿಕ್ಕಿತು

ವಿಂಡೋಸ್ ಮತ್ತು ಲಿನಕ್ಸ್ ಒಟ್ಟಿಗೆ ಇರುವ ಯಂತ್ರದಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಆಚೀಚೆ ಆಗಿದ್ದರೆ ಬೇರೇನೂ ಹುಡುಕಬೇಕಿಲ್ಲ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಭಾರತದ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ ಇಡುತ್ತದೆ. ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಒಂದು ಸಾಲು ಬರೆದು ಲಿನಕ್ಸನ್ನು ಒಪ್ಪಿಸಬಹುದು. ಅದೇ ಯಂತ್ರದಲ್ಲಿ ವಿಂಡೋಸಿನ ಡ್ರೈವಿಗೆ ಫೈಲ್ ಬರೆಯಲಾಗುತ್ತಿಲ್ಲ ಎಂದರೆ ಫಾಸ್ಟ್ ಸ್ಟಾರ್ಟಪ್ ಆರಿಸಲು ಹೇಳಿ. ವಿಂಡೋಸ್ ಪೂರ್ತಿ ಮುಚ್ಚಿಕೊಂಡಿರುವುದೇ ಇಲ್ಲ.

9. ಕನ್ನಡದ ಪ್ರಶ್ನೆಗೆ ನಾವೇ ಉತ್ತರ

ಎನ್‌ವಿಡಿಯಾ ತೊಂದರೆಗೆ ಜಗತ್ತಿನ ಯಾವ ಮೂಲೆಯಿಂದಲಾದರೂ ಪರಿಹಾರ ಬರುತ್ತದೆ. "ಲಿನಕ್ಸ್ ಹಾಕಿದ ಮೇಲೆ ನನ್ನ ಕನ್ನಡ ಫೈಲೆಲ್ಲ ಇಂಗ್ಲಿಷ್ ಕಸವಾಗಿದೆ" ಎಂದವರಿಗೆ ನಾವಲ್ಲದೆ ಇನ್ನಾರೂ ಹೇಳಲಾರರು. ಫೈಲ್ ಕೆಟ್ಟಿರುವುದಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ದಾಖಲೆಯೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸಿತ್ತು. ಆ ಫಾಂಟ್ ಈ ಯಂತ್ರದಲ್ಲಿಲ್ಲ. ಫಾಂಟ್ ಫೈಲ್ ತಂದು ಹಾಕಿದರೆ ಕಣ್ಣಿಗೆ ಕಾಣುತ್ತದೆ, ಹುಡುಕಲು ಸಿಗಬೇಕಾದರೆ ಯೂನಿಕೋಡಿಗೆ ಪರಿವರ್ತಿಸಬೇಕು. ಟೈಪ್ ಮಾಡಲು ಐಬಸ್ ಜೊತೆ ಎಂ17ಎನ್ ಹಾಕಿದರೆ ನುಡಿಯವರಿಗೆ ಪರಿಚಯವಿರುವ ಕೆಜಿಪಿ ಕೀಲಿ ವಿನ್ಯಾಸ ಸಿಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಇವೆ. ಹಿರಿಯರೊಬ್ಬರು ತಮ್ಮ ಹಳೆಯ ಲೇಖನಗಳು ಮತ್ತೆ ಕನ್ನಡದಲ್ಲಿ ಎದ್ದು ಬಂದಾಗ ಪಡುವ ಸಂತೋಷ ಕಂಡ ಮೇಲೆ ಈ ಪ್ರಶ್ನೆಯನ್ನು ಚಿಕ್ಕದೆಂದು ತಳ್ಳಲು ನನ್ನಿಂದಾಗಿಲ್ಲ.

10. ರೀಬೂಟ್ ಮಾಡಿಸದೆ ಕಳಿಸಬೇಡಿ

ಸರಿಹೋಯಿತು ಎಂದು ಎಲ್ಲರೂ ಏಳುತ್ತಾರೆ, ಮರುದಿನ ಅದೇ ದೂರು. ಸೇವೆಯನ್ನು ಸ್ಟಾರ್ಟ್ ಮಾಡಿದ್ದರು, ಎನೇಬಲ್ ಮಾಡಿರಲಿಲ್ಲ. ಡಿಸ್ಕ್ ಮೌಂಟ್ ಮಾಡಿದ್ದರು, ಎಫ್‌ಎಸ್‌ಟ್ಯಾಬಿನಲ್ಲಿ ಬರೆದಿರಲಿಲ್ಲ. ಕೈಯಾರೆ ಕೊಟ್ಟ ಐಪಿ ವಿಳಾಸ ಯಂತ್ರದ ನೆನಪಿನಲ್ಲಷ್ಟೇ ಇತ್ತು. ಕೂತಿರುವಾಗಲೇ ಒಮ್ಮೆ ಆರಿಸಿ ಹಾಕಿಸಿ. ಸರ್ವರ್ ಆದರೆ ಹಿಂದಿನ ಬೂಟಿನ ಲಾಗ್ ಉಳಿಯುತ್ತಿದೆಯೇ ಎಂದೂ ನೋಡಿ. ವಾರ್ ಲಾಗಿನೊಳಗೆ ಜರ್ನಲ್ ಎಂಬ ಡೈರೆಕ್ಟರಿ ಇಲ್ಲದ ಯಂತ್ರಗಳಲ್ಲಿ ರೀಬೂಟಿನೊಂದಿಗೆ ಜರ್ನಲ್ ಪೂರ್ತಿ ಅಳಿದುಹೋಗುತ್ತದೆ. ಆ ಡೈರೆಕ್ಟರಿ ಇದ್ದರೆ, ಮುಂದಿನ ಸಲ ನಡುರಾತ್ರಿ ಮೆಮೊರಿ ಸಾಲದೆ ಕರ್ನಲ್ ಡೇಟಾಬೇಸನ್ನು ಕೊಂದಾಗ, ಯಾವಾಗ, ಯಾವ ಪ್ರಕ್ರಿಯೆ, ಎಷ್ಟು ಮೆಮೊರಿ ಹಿಡಿದಿತ್ತು ಎಂಬುದು ಬೆಳಿಗ್ಗೆ ಬಂದವರಿಗೆ ಬರೆದಿಟ್ಟಂತೆ ಸಿಗುತ್ತದೆ.