ಗಂಡಸರ ಸಂತಾನಹರಣ ಚಿಕಿತ್ಸೆ: ಭಯ ಬೇಡ, ತಿಳಿವಳಿಕೆ ಬೇಕು



ಕೊಳೆರೋಗ, ಕಾಯಿಕೊರಕಗಳ ಬಗ್ಗೆ ಈ ಪತ್ರಿಕೆಯಲ್ಲಿ ಬೇಕಾದಷ್ಟು ಬರೆದಿದ್ದೇವೆ. ಈ ಸಲ ಮನೆಯೊಳಗಿನ ಒಂದು ವಿಚಾರ. ಸಂಕೋಚ ಬಿಟ್ಟು ಓದಬೇಕೆಂದು ವಿನಂತಿ.

ಇನ್ನು ಮಕ್ಕಳು ಸಾಕು ಎಂದು ನಿಶ್ಚಯಿಸಿದ ಮೇಲೆ ಆಸ್ಪತ್ರೆಗೆ ಹೋಗುವವಳು ಹೆಂಡತಿಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಶೇ. 37.9 ಮಂದಿ ತಾವೇ ಈ ಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡ ಮಾಡಿಸಿಕೊಂಡಿದ್ದವರು ಶೇ. 0.3 ಮಾತ್ರ. ನನ್ನ ಮನೆಯಲ್ಲೂ ಹಾಗೇ ಆಯಿತು. ಎರಡನೆಯ ಹೆರಿಗೆಯ ನಂತರ ನನ್ನ ಹೆಂಡತಿ ಹೋದಳು. ನಾನು ಹೋಗಬಹುದಿತ್ತೆಂಬ ಯೋಚನೆಯೇ ನನಗೆ ಬರಲಿಲ್ಲ.

1930ರಲ್ಲಿಯೇ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ಆದರೆ 1975–77ರ ತುರ್ತುಪರಿಸ್ಥಿತಿಯಲ್ಲಿ ನಡೆದ ಬಲವಂತದಿಂದ ಗಂಡಸರಲ್ಲಿ ಹೊಕ್ಕ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಇಂದು ಬಲವಂತವಿಲ್ಲ, ನಿರ್ಧಾರ ನಮ್ಮದೇ.

ಚಿಕಿತ್ಸೆ ಎಂದರೇನು?

ಹೆಂಗಸರಿಗಾದರೆ ಹೊಟ್ಟೆಯೊಳಗೆ ಕೈಹಾಕಬೇಕು. ಗಂಡಸರಿಗೆ ಅದಿಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ವೀರ್ಯಾಣು ಬರುವ ಎರಡು ನಾಳಗಳನ್ನು ಕತ್ತರಿಸಿ ಮುಚ್ಚುತ್ತಾರೆ. ಚಾಕು ಬೇಡದ, ಹೊಲಿಗೆಯಿಲ್ಲದ ಈ ವಿಧಾನವನ್ನು 1974ರಲ್ಲಿ ಚೀನಾದ ವೈದ್ಯರೊಬ್ಬರು ರೂಪಿಸಿದರು. ಅರ್ಧ ಗಂಟೆಯೊಳಗಿನ ಕೆಲಸ. ಅದೇ ದಿನ ಮನೆಗೆ ಬರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮರ ಹತ್ತುವ ಶಕ್ತಿ ಹೋಗುವುದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೋಗುವುದಿಲ್ಲ. ಗಂಡಸುತನ ಕೊಡುವ ರಸ ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ, ಆ ನಾಳದಲ್ಲಿ ಹರಿಯುವುದಿಲ್ಲ. ಕಟ್ಟಿದ್ದು ಬೀಜದ ದಾರಿಯನ್ನು ಮಾತ್ರ. ಮೈಶಕ್ತಿ, ದಾಂಪತ್ಯಸುಖ ಮೊದಲಿನಂತೆಯೇ ಇರುತ್ತವೆ.

ನೆನಪಿಡಬೇಕಾದವು

1. ಎರಡು ದಿನ ವಿಶ್ರಾಂತಿ. ಬಿಗಿಯಾದ ಲಂಗೋಟಿ ಅಥವಾ ಚಡ್ಡಿ ಧರಿಸಿರಬೇಕು. ಸೈಕಲ್, ಭಾರದ ಕೆಲಸ ಒಂದು ವಾರ ಬೇಡ. ಮರ ಹತ್ತುವ ಮೊದಲು ವೈದ್ಯರನ್ನು ಕೇಳಿ.

2. ನಾಳದಲ್ಲಿ ಉಳಿದ ವೀರ್ಯಾಣು ಹೋಗಲು ಕಾಲ ಬೇಕು. ಮೂರು ತಿಂಗಳು ನಿರೋಧ್ ಬಳಸಿ, ನಂತರ ವೀರ್ಯ ಪರೀಕ್ಷೆ ಮಾಡಿಸಿ. ಇಲ್ಲಿ ಅವಸರ ಮಾಡಿದರೆ ಹೆಂಡತಿ ಗರ್ಭಿಣಿಯಾಗಬಹುದು. ಅನ್ಯಾಯವಾಗಿ ಅವಳ ಮೇಲೆ ಸಂಶಯ ಬರಬಹುದು.

3. ಜ್ವರ, ರಕ್ತಸ್ರಾವ, ಹೆಚ್ಚುತ್ತಿರುವ ಬಾವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

4. ಇದು ಶಾಶ್ವತವೆಂದೇ ತಿಳಿಯಿರಿ. ಮತ್ತೆ ಜೋಡಿಸಿದರೂ ಫಲದ ಖಾತ್ರಿಯಿಲ್ಲ. ಮನಸ್ಸು ಗಟ್ಟಿಯಾಗದಿದ್ದರೆ ಬೇರೆ ವಿಧಾನ ನೋಡಿ.

5. ಗುಹ್ಯರೋಗಗಳನ್ನು ಇದು ತಡೆಯದು; ಅದಕ್ಕೆ ನಿರೋಧ್ ಬೇಕು.

ಕಾಫಿ, ಅಡಿಕೆ ಕೊಯ್ಲು ಮುಗಿದು, ಬೋರ್ಡೋ ಸಿಂಪಡಣೆ ಶುರುವಾಗುವ ಮೊದಲು ನಮಗೆ ಸ್ವಲ್ಪ ಬಿಡುವಿದೆ. ಬಸಿರು, ಬಾಣಂತನಗಳನ್ನು ಹೊತ್ತವಳು ಅವಳು. ಉಳಿದ ಈ ಒಂದು ಭಾರವನ್ನು ಯಾರು ಹೊರಬೇಕೆಂದು ಈ ಬಿಡುವಿನಲ್ಲಿ ಇಬ್ಬರೂ ಕುಳಿತು ಮಾತಾಡಿ.

– ಕಾರ್ಯದರ್ಶಿ